ಸ್ಕಿಲ್ಲಾಚಿಯನ್ನು "ಒಂದು ತಿಂಗಳ ಹೀರೊ" ಅನ್ನೋದು ಸರಿಯಾ?

ಹನ್ನೆರಡನೇ ಆಟಗಾರ
ನಮ್ಮ ಫುಟ್‌ಬಾಲ್ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಪಟ್ಟಿ ಹಾಕಿದ್ದಾರೆ. ವಿಶ್ವಕಪ್‌ನಲ್ಲಿ ಮಿಂಚಿ ಮಾಯವಾದವರು ಅಂತ. ಮೊದಲ ಹೆಸರೇ ಇಟಲಿಯ ಸ್ಟ್ರೈಕರ್ ಸಾಲ್ವತೋರೆ ಸ್ಕಿಲ್ಲಾಚಿ. ಗುಂಪಿನವರೆಲ್ಲ ಯೋಚನೆಯೇ ಮಾಡದೆ ಹೆಬ್ಬೆಟ್ಟು ಒತ್ತಿದ್ದಾರೆ.

ಲೆಕ್ಕ ನೋಡಿದರೆ ಅವರು ಹೇಳೋದು ಸುಳ್ಳಲ್ಲ. ಇಟಲಿಗೆ ಆಡಿದ್ದು 16 ಪಂದ್ಯ, ಹೊಡೆದದ್ದು 7 ಗೋಲು. ಅದರಲ್ಲಿ 6 ಗೋಲು 1990ರ ವಿಶ್ವಕಪ್ಪಿನಲ್ಲೇ. ಅತಿ ಹೆಚ್ಚು ಗೋಲಿಗೆ ಕೊಡುವ ಗೋಲ್ಡನ್ ಬೂಟ್, ಟೂರ್ನಿಯ ಶ್ರೇಷ್ಠ ಆಟಗಾರನಿಗೆ ಕೊಡುವ ಗೋಲ್ಡನ್ ಬಾಲ್ ಎರಡೂ ಸಿಕ್ಕಿತು. ಆಮೇಲೆ ದೇಶಕ್ಕಾಗಿ ಹೊಡೆದದ್ದು ಒಂದೇ ಒಂದು.

ಆದರೂ ನನಗೆ ಆ ಪಟ್ಟಿ ಸರಿ ಕಾಣ್ತಿಲ್ಲ. 2024ರ ಸೆಪ್ಟೆಂಬರ್ 18ರಂದು ಸಿಸಿಲಿಯ ಪಲೆರ್ಮೊದಲ್ಲಿ ತೀರಿಕೊಂಡಾಗ ವಯಸ್ಸು ಬರೀ 59. ಅಂತಿಮ ದರ್ಶನಕ್ಕೆ ಅಲ್ಲಿನ ಸ್ಟೇಡಿಯಂ ಬಾಗಿಲು ತೆರೆದರು. ಮಿಂಚಿ ಮಾಯವಾದವನಿಗೆ ಹಾಗೆಲ್ಲ ಮಾಡ್ತಾರಾ? ಗೊತ್ತಿದ್ದವರು ಹೇಳಿ. ಅವನು ಬಂದದ್ದು ಎಲ್ಲಿಂದ? ಅಷ್ಟು ಬೇಗ ಇಳಿದದ್ದು ಯಾಕೆ?

ಆಫ್‌ಸೈಡ್ ಅಣ್ಣ
ಪಟ್ಟಿ ಸರಿಯಾಗೇ ಇದೆ. ನೀವು ಸುಮ್ನೆ ಭಾವುಕರಾಗ್ತಿದ್ದೀರಿ. ಏಳು ಗೋಲಿನ ಸ್ಟ್ರೈಕರ್‌ನನ್ನು ದೊಡ್ಡವನು ಅಂದರೆ ವಿಯೆರಿ, ಡೆಲ್ ಪಿಯೆರೊ, ಇನ್ಜಾಗಿ ಇವರನ್ನೆಲ್ಲ ಏನಂತ ಕರೀಬೇಕು?

ಕಪ್ಪು ಬಿಳಿ ಪಟ್ಟೆ
ಅಣ್ಣ, ಮೊದಲು 1990ಕ್ಕಿಂತ ಹಿಂದೆ ಏನಿತ್ತು ಅಂತ ನೋಡಿ.

ಸ್ಕಿಲ್ಲಾಚಿ ಹುಟ್ಟಿದ್ದು 1964ರಲ್ಲಿ, ಪಲೆರ್ಮೊದಲ್ಲಿ. ಬಡವರ ಬಡಾವಣೆಯಲ್ಲಿ ಬೆಳೆದ ಹುಡುಗ. ಶಾಲೆ ಜಾಸ್ತಿ ಓದಲಿಲ್ಲ. ಟಯರ್ ಅಂಗಡಿಯಲ್ಲಿ ಕೆಲಸ ಮಾಡಿದ. ಮೊದಲು ಆಡಿದ್ದು ಆ ಊರಿನ ಸಿಟಿ ಬಸ್ ಸಂಸ್ಥೆಯ ತಂಡಕ್ಕೆ. 1982ರಲ್ಲಿ ಮೆಸ್ಸಿನಾ ಕ್ಲಬ್ ಕರೆದುಕೊಂಡು ಹೋಯಿತು. ಮೆಸ್ಸಿನಾನೂ ಸಿಸಿಲಿ ದ್ವೀಪದ್ದೇ. ಆಗ ಅದು ನಾಲ್ಕನೇ ದರ್ಜೆಯ ಲೀಗಿನಲ್ಲಿ ಒದ್ದಾಡ್ತಿದ್ದ ತಂಡ.

ಅಲ್ಲಿ ಏಳು ವರ್ಷ ಇದ್ದ. ಏಳು ವರ್ಷ! ತಂಡ ಒಂದೊಂದೇ ಮೆಟ್ಟಿಲು ಹತ್ತಿ 1986ರಲ್ಲಿ ಎರಡನೇ ದರ್ಜೆಯ ಸೀರಿ ಬಿ ತಲುಪಿತು, ಇವನೂ ಜೊತೆಗೇ ಹತ್ತಿದ. ಮೊದಲು ಫ್ರಾಂಕೊ ಸ್ಕೊಲ್ಯೊ ಅನ್ನುವ ಕೋಚ್, ಆಮೇಲೆ ಝೆಮನ್. ಝೆಮನ್ ಅಂದರೆ ಗೊತ್ತಲ್ಲ, ಸ್ಟೇಡಿಯಂ ಮೆಟ್ಟಿಲು ಹತ್ತಿಸಿ ಇಳಿಸಿ ಪ್ರಾಣ ತೆಗೀತಿದ್ದ ಮನುಷ್ಯ, ಮುಂದೆ ನುಗ್ಗಿ ಆಡೋದು ಬಿಟ್ಟು ಬೇರೆ ಆಟ ಗೊತ್ತಿಲ್ಲ. ಅವನ ಕೈಕೆಳಗೆ 1988-89ರಲ್ಲಿ ಸ್ಕಿಲ್ಲಾಚಿ 23 ಗೋಲು ಹೊಡೆದು ಸೀರಿ ಬಿಗೇ ಮೊದಲಿಗನಾದ. ಆಗ ತೊರಿನೊದ ದೊಡ್ಡ ಕ್ಲಬ್ ಯುವೆಂಟಸ್ ಕಣ್ಣು ಬಿತ್ತು.

ಅಂದರೆ ಮೊದಲ ದರ್ಜೆಯ ಸೀರಿ ಎಯಲ್ಲಿ ಮೊದಲ ಪಂದ್ಯ ಆಡುವಾಗ ಅವನಿಗೆ 24 ವರ್ಷ. ಇವತ್ತು ಆ ವಯಸ್ಸಿಗೆ ಆಟಗಾರರು ಮೂರು ಕ್ಲಬ್ ಬದಲಾಯಿಸಿ ಆಗಿರುತ್ತೆ.

ಕರಾವಳಿ ಕಿಕ್
ಸ್ಕೊಲ್ಯೊನನ್ನು ಫ್ರಾಂಕೊ ಅಂತ ಕರೆಯುತ್ತಿದ್ದದ್ದು ಹೌದು ಮಾರಾಯ್ರೆ. ಫ್ರಾಂಚೆಸ್ಕೊ ಅಂತ ಪೂರ್ತಿ ಹೆಸರು. ಹೋಗ್ಲಿ ಬಿಡಿ, ಅದು ಮುಖ್ಯ ಅಲ್ಲ. ಯುವೆಂಟಸ್‌ನ ಮೊದಲ ವರ್ಷ ಹೇಳಿ, ಅಲ್ಲಿ ಇರುವುದು ವಿಷಯ.

ಕಪ್ಪು ಬಿಳಿ ಪಟ್ಟೆ
ಹೇಳ್ತೀನಿ. 1989-90ರಲ್ಲಿ ಲೀಗಿನಲ್ಲಿ 15 ಗೋಲು. ಕಡಿಮೆ ಅನಿಸಬಹುದು. ಆದರೆ ಆ ವರ್ಷ ಇಡೀ ಸೀರಿ ಎಗೆ ಮೊದಲಿಗನಾದ ವ್ಯಾನ್ ಬಾಸ್ಟನ್ ಹೊಡೆದದ್ದೇ 19. ಲೀಗ್ ಆಗ ಹಾಗಿತ್ತು. ಬರೇಸಿ, ಮಾಲ್ದಿನಿ, ಬೆರ್ಗೊಮಿ ಥರದವರು ಹಿಂದೆ ನಿಂತಿದ್ದರೆ ಗೋಲು ಹೊಡೆಯೋದು ಅಷ್ಟು ಸುಲಭನಾ? ಡಿನೊ ಜೋಫ್ ಕೋಚ್ ಆಗಿದ್ದ ಆ ತಂಡ ಅದೇ ವರ್ಷ ಕೊಪ್ಪಾ ಇಟಾಲಿಯಾ ಮತ್ತು ಯುಇಎಫ್‌ಎ ಕಪ್ ಎರಡೂ ಗೆದ್ದಿತು.

ಇದೆಲ್ಲ ವಿಶ್ವಕಪ್‌ಗಿಂತ ಮೊದಲು. ಹಾಗಾಗಿ "ಎಲ್ಲಿಂದಲೋ ಬಂದ" ಅನ್ನೋದು ಪತ್ರಿಕೆಯವರ ಕಥೆ.

ಆಫ್‌ಸೈಡ್ ಅಣ್ಣ
ಒಂದು ಒಳ್ಳೆ ಸೀಸನ್, ಒಂದು ಒಳ್ಳೆ ವಿಶ್ವಕಪ್. ಸರಿ, ಹನ್ನೊಂದು ತಿಂಗಳ ಹೀರೊ ಅಂತ ತಿದ್ದೋಣ. ಖುಷಿನಾ?

ಹುಬ್ಬಳ್ಳಿ ಹತ್ತು
😂😂 ಅಣ್ಣಾರು ಬಿಡೂದಿಲ್ಲ ನೋಡ್ರಿ.

ರಾತ್ರಿಪಾಳಿ
ನಾನು ಆ ವಿಶ್ವಕಪ್ ದೂರದರ್ಶನದಲ್ಲಿ ನೋಡಿದವನು. ಈಗಿನವರಿಗೆ ಹೇಳಿದರೆ ಅರ್ಥ ಆಗೋದು ಕಷ್ಟ.

ಇಟಲಿಯ ಮೊದಲ ಪಂದ್ಯ ಆಸ್ಟ್ರಿಯಾ ಮೇಲೆ, ರೋಮ್‌ನಲ್ಲಿ. ನಮಗೆ ಮಧ್ಯರಾತ್ರಿ ಕಳೆದ ಮೇಲೆ. ಇಟಲಿ ಬಾಗಿಲು ಬಡಿದದ್ದೇ ಬಡಿದದ್ದು, ಚೆಂಡು ಒಳಗೆ ಹೋಗ್ತಿಲ್ಲ. 75ನೇ ನಿಮಿಷಕ್ಕೆ ಕಾರ್ನೆವಾಲೆಯನ್ನು ಹೊರಗೆ ಕರೆದು ಯಾರೋ ಒಬ್ಬ ಗುಜ್ಜಾರಿಯನ್ನು ಇಳಿಸಿದರು. ನಮಗೆ ಹೆಸರೇ ಗೊತ್ತಿಲ್ಲ. ಮೂರೇ ನಿಮಿಷ. ಬಲಗಡೆಯಿಂದ ವಿಯಾಲ್ಲಿ ಚೆಂಡು ಎತ್ತಿ ಕೊಟ್ಟ. ಇಬ್ಬರು ಎತ್ತರದ ಆಸ್ಟ್ರಿಯಾ ಡಿಫೆಂಡರ್‌ಗಳು. ನಡುವೆ ಈ ಗುಜ್ಜಾರಿ ಹಾರಿ ತಲೆ ಕೊಟ್ಟ, ಗೋಲು! ಆಮೇಲೆ ಆ ಓಟ, ಆ ಕಣ್ಣು. ಕಣ್ಣುಗುಡ್ಡೆ ಹೊರಗೇ ಬಂದುಬಿಡ್ತಾವೇನೋ ಅನ್ನೋ ಹಾಗೆ. ನನ್ನ ಅಣ್ಣ ಹಾಸಿಗೆಯಿಂದಲೇ "ಅವನಿಗೇ ನಂಬಿಕೆ ಬರ್ತಿಲ್ಲ ನೋಡು" ಅಂದಿದ್ದ.

ನೀಲಿ ಜೆರ್ಸಿ
ಆ ಟೂರ್ನಿಗೆ ಮುಂಚೆ ಅವನು ಇಟಲಿಗೆ ಆಡಿದ್ದು ಒಂದೇ ಪಂದ್ಯ. 1990ರ ಮಾರ್ಚ್ 31, ಸ್ವಿಟ್ಜರ್‌ಲೆಂಡ್ ಮೇಲೆ. ಕೋಚ್ ವಿಚಿನಿ ಲೆಕ್ಕದಲ್ಲಿ ಮೊದಲ ಜೋಡಿ ವಿಯಾಲ್ಲಿ ಮತ್ತು ಕಾರ್ನೆವಾಲೆ.

ಎರಡನೇ ಪಂದ್ಯ ಅಮೆರಿಕದ ಮೇಲೆ. ವಿಯಾಲ್ಲಿ ಪೆನಾಲ್ಟಿಯನ್ನು ಕಂಬಕ್ಕೆ ಹೊಡೆದ. ಕಾರ್ನೆವಾಲೆಯನ್ನು ಮತ್ತೆ ಹೊರಗೆ ಕರೆದರು, ಅವನು ಬೈದುಕೊಂಡೇ ಹೋದ. ಆ ಟೂರ್ನಿಯಲ್ಲಿ ಮತ್ತೆ ಅವನಿಗೆ ಅವಕಾಶ ಸಿಗಲಿಲ್ಲ. ಮೂರನೇ ಪಂದ್ಯಕ್ಕೆ ಸ್ಕಿಲ್ಲಾಚಿ, ಬ್ಯಾಜಿಯೊ ಜೋಡಿ. ಝೆಕೊಸ್ಲೊವಾಕಿಯಾ ಮೇಲೆ ಇಬ್ಬರೂ ಒಂದೊಂದು ಗೋಲು. ಬ್ಯಾಜಿಯೊ ಗೋಲನ್ನು ಜಗತ್ತು ಇವತ್ತಿಗೂ ನೋಡುತ್ತೆ. ಮೊದಲು ಬಾಗಿಲು ತೆಗೆದದ್ದು ಇವನು, 9ನೇ ನಿಮಿಷದಲ್ಲಿ.

ಕರಾವಳಿ ಕಿಕ್
ಪ್ರೀ ಕ್ವಾರ್ಟರ್‌ನಲ್ಲಿ ಉರುಗ್ವೆ ಮೇಲೆ ಹೊಡೆದದ್ದು ನನ್ನ ಪ್ರಕಾರ ಆರರಲ್ಲಿ ಬೆಸ್ಟ್. ಬಾಕ್ಸ್ ಹೊರಗಿನಿಂದ, ಎಡಗಾಲಲ್ಲಿ. ಚೆಂಡು ಮೇಲೆ ಹೋಗಿ ಗೋಲ್‌ಕೀಪರ್ ತಲೆ ಮೇಲಿಂದ ಪಟ್ ಅಂತ ಇಳಿಯಿತು.

ಆಫ್‌ಸೈಡ್ ಅಣ್ಣ
ಅದೊಂದು ಬಿಟ್ಟರೆ ಉಳಿದದ್ದೆಲ್ಲ ಬೇರೆಯವರು ಹೊಡೆದು ಬಿಟ್ಟದ್ದನ್ನು ತಳ್ಳಿದ್ದು. ಐರ್ಲೆಂಡ್ ಮೇಲೆ? ಡೊನಡೋನಿ ಹೊಡೆದ, ಬಾನರ್ ತಡೆದ, ಇವನು ತಳ್ಳಿದ. ಅರ್ಜೆಂಟೀನಾ ಮೇಲೆ? ವಿಯಾಲ್ಲಿ ಹೊಡೆದ, ಗೊಯ್ಕೊಚಿಯಾ ತಡೆದ, ಇವನು ತಳ್ಳಿದ.

ನೀಲಿ ಜೆರ್ಸಿ
ಸ್ಟ್ರೈಕರ್ ಕೆಲಸ ಅದೇ ಅಣ್ಣ. ಮೈದಾನದಲ್ಲಿ ಇನ್ನೂ ಒಂಬತ್ತು ಜನ ಇದ್ದರಲ್ಲ, ಅವರ್ಯಾಕೆ ಅಲ್ಲಿ ಇರಲಿಲ್ಲ? ಐರ್ಲೆಂಡ್ ಗೋಲು ಇನ್ನೊಮ್ಮೆ ನೋಡಿ. ಬಾನರ್ ಕೈಗೆ ತಾಗಿ ಚೆಂಡು ಬಂದಾಗ ಸ್ಕಿಲ್ಲಾಚಿ ಆಗಲೇ ಓಡ್ತಿದ್ದ. ಗಡಿಬಿಡಿ ಮಾಡಲಿಲ್ಲ, ಬಾನರ್ ಬಿದ್ದಿದ್ದ ಕಡೆ ಬಿಟ್ಟು ದೂರದ ಮೂಲೆಗೆ ಉರುಳಿಸಿದ.

ಇನ್ನೊಂದು ಲೆಕ್ಕ. 1990ರ ವಿಶ್ವಕಪ್‌ನಲ್ಲಿ 52 ಪಂದ್ಯಕ್ಕೆ ಬಂದದ್ದು 115 ಗೋಲು. ಪಂದ್ಯಕ್ಕೆ ಸರಾಸರಿ 2.21, ವಿಶ್ವಕಪ್ ಇತಿಹಾಸದಲ್ಲೇ ಅತಿ ಕಡಿಮೆ. ಇಟಲಿ ಏಳು ಪಂದ್ಯದಲ್ಲಿ ಒಟ್ಟು 10 ಗೋಲು ಹೊಡೆಯಿತು, ಅದರಲ್ಲಿ 6 ಇವನದು. ಅಷ್ಟು ಬರಗಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ಒಬ್ಬನೇ ತಂದ.

ಮಲ್ಲೇಶ್ವರಂ ಮಿಡ್‌ಫೀಲ್ಡ್
ಬರಗಾಲ ಅಂದರೆ ಬರಗಾಲ. ಆಗ ಡಿಫೆಂಡರ್ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಆರಾಮಾಗಿ ಕೈಯಲ್ಲಿ ಎತ್ತಿಕೊಳ್ಳಬಹುದಿತ್ತು. ಒಂದು ಗೋಲು ಮುಂದಿದ್ದರೆ ಸಾಕು, ಹಿಂದಕ್ಕೆ ಕೊಡು, ಎತ್ತಿಕೊ, ಉರುಳಿಸು, ಮತ್ತೆ ಹಿಂದಕ್ಕೆ ಕೊಡು. ನೋಡುವವರಿಗೆ ನಿದ್ದೆ. ಆ ಟೂರ್ನಿ ನೋಡಿ ಬೇಜಾರಾಗಿಯೇ 1992ರಲ್ಲಿ ನಿಯಮ ಬದಲಾಯಿಸಿದ್ದು.

ಹುಬ್ಬಳ್ಳಿ ಹತ್ತು
ನಮ್ಮ ಆಫೀಸ್ ಟೀಮ್‌ದಾಗ ಇವತ್ತಿಗೂ ಆ ನಿಯಮ ಬಂದಿಲ್ರಿ. ಕೀಪರ್ ಮ್ಯಾನೇಜರ್. ಯಾರು ಫೌಲ್ ಕೊಡ್ತಾರ?

ರಾತ್ರಿಪಾಳಿ
😄

ಸೆಮಿಫೈನಲ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಜುಲೈ 3, ನೇಪಲ್ಸ್, ಅರ್ಜೆಂಟೀನಾ ಮೇಲೆ. ನಮ್ಮ ಬೀದಿಯಲ್ಲಿ ಎಲ್ಲರೂ ಮರಡೋನಾ ಕಡೆ. 1986 ನೋಡಿದ ಮೇಲೆ ಬೇರೆ ಯಾರ ಕಡೆ ಇರೋಕ್ಕಾಗುತ್ತೆ? ನಾನೊಬ್ಬನೇ ಇಟಲಿ. 17ನೇ ನಿಮಿಷಕ್ಕೆ ಸ್ಕಿಲ್ಲಾಚಿ ಹೊಡೆದಾಗ ಕುಣಿದೆ. ಎರಡನೇ ಅರ್ಧದಲ್ಲಿ ಕರೆಂಟು ಹೋಯಿತು. ಮೇಣದಬತ್ತಿ ಹಚ್ಚಿ ಕೂತೆವು. ಪಕ್ಕದ ಮನೆಯವರು ಬ್ಯಾಟರಿ ರೇಡಿಯೊ ತಿರುಗಿಸಿ ತಿರುಗಿಸಿ ಏನೂ ಸಿಗದೆ ಬೈಯ್ತಾ ಇದ್ದರು. ಕರೆಂಟು ಬಂದಾಗ ಪರದೆ ಮೇಲೆ 1-1. ಕನಿಜಿಯಾ ಗೋಲನ್ನು ನಾನು ನೇರವಾಗಿ ನೋಡಲೇ ಇಲ್ಲ.

ನೀಲಿ ಜೆರ್ಸಿ
ನೋಡದೇ ಇದ್ದದ್ದೇ ಒಳ್ಳೆಯದು. ನಮ್ಮ ಕೀಪರ್ ಜೆಂಗಾ ಸುಮ್ನೆ ಮುಂದೆ ಬಂದು ಕೈಬೀಸಿದ. ಅಲ್ಲಿವರೆಗೆ 517 ನಿಮಿಷ ಒಂದೂ ಗೋಲು ಬಿಟ್ಟಿರಲಿಲ್ಲ. ಆ ಒಂದು ತಪ್ಪಿಗೆ ಟೂರ್ನಿಯೇ ಹೋಯಿತು.

ಆಫ್‌ಸೈಡ್ ಅಣ್ಣ
ಪೆನಾಲ್ಟಿ ಶೂಟೌಟ್ ಬಗ್ಗೆ ಹೇಳಿ. ಟೂರ್ನಿಯ ಹೀರೊ ಎಲ್ಲಿದ್ದ? ಬರೇಸಿ ಹೊಡೆದ, ಬ್ಯಾಜಿಯೊ ಹೊಡೆದ, ಡಿ ಅಗೊಸ್ಟಿನಿ ಹೊಡೆದ. ಡೊನಡೋನಿ, ಸೆರೆನಾ ತಪ್ಪಿಸಿದರು. ಸ್ಕಿಲ್ಲಾಚಿ ಒದೆಯಲೇ ಇಲ್ಲ. ದೊಡ್ಡ ಸ್ಟ್ರೈಕರ್ ಆಗಿದ್ದರೆ ಚೆಂಡು ಕಿತ್ತುಕೊಂಡು ಹೋಗ್ತಿದ್ದ.

ಕಪ್ಪು ಬಿಳಿ ಪಟ್ಟೆ
120 ನಿಮಿಷ ಓಡಿದ್ದಾನೆ ಅಣ್ಣ. ಕ್ಲಬ್ಬಿನಲ್ಲೂ ಅವನು ಪೆನಾಲ್ಟಿಗೆ ಹೆಸರಾದವನಲ್ಲ. ಕಾಲು ಸರಿ ಇಲ್ಲದವನು, ಅಭ್ಯಾಸ ಇಲ್ಲದವನು ಹೀರೊ ಆಗಬೇಕು ಅಂತ ಹೋಗಿ ಆಕಾಶಕ್ಕೆ ಹೊಡೆದಿದ್ದರೆ ನೀವೇ ಇವತ್ತು ಬೇರೆ ಪಟ್ಟಿಗೆ ಸೇರಿಸ್ತಿದ್ದಿರಿ.

ಆಫ್‌ಸೈಡ್ ಅಣ್ಣ
ಹಾಗಾದರೆ ನಾಲ್ಕೇ ದಿನಕ್ಕೆ ಇಂಗ್ಲೆಂಡ್ ಮೇಲೆ ಪೆನಾಲ್ಟಿ ಹೇಗೆ ಒದ್ದ? ಗೋಲ್ಡನ್ ಬೂಟ್ ಬೇಕು ಅಂದಾಗ ಕಾಲು ಸರಿಯಾಯ್ತಾ?

ನೀಲಿ ಜೆರ್ಸಿ
ಅದು ಬ್ಯಾಜಿಯೊ ದೊಡ್ಡತನ. ಬಾರಿಯಲ್ಲಿ ಮೂರನೇ ಸ್ಥಾನಕ್ಕೆ ಪಂದ್ಯ. ಸ್ಕಿಲ್ಲಾಚಿ ಮತ್ತು ಝೆಕೊಸ್ಲೊವಾಕಿಯಾದ ಸ್ಕುಹ್ರಾವಿ ಇಬ್ಬರದೂ ತಲಾ 5 ಗೋಲು. ಪಾರ್ಕರ್ ಬೀಳಿಸಿದ್ದು ಸ್ಕಿಲ್ಲಾಚಿಯನ್ನೇ. ಒದೆಯಬೇಕಿದ್ದವನು ಬ್ಯಾಜಿಯೊ, ಚೆಂಡು ಇವನಿಗೆ ಬಿಟ್ಟುಕೊಟ್ಟ. ಅದಕ್ಕೂ ಮೊದಲು ಇಂಗ್ಲೆಂಡ್ ಕೀಪರ್ ಶಿಲ್ಟನ್ ಹತ್ತಿರ ಬ್ಯಾಜಿಯೊ ಚೆಂಡು ಕದ್ದಾಗ ಇವನು ವಾಪಸ್ ಪಾಸ್ ಕೊಟ್ಟು ಅವನಿಂದ ಗೋಲು ಹೊಡೆಸಿದ್ದ. ಇಬ್ಬರೂ ಲೆಕ್ಕ ಚುಕ್ತಾ ಮಾಡಿಕೊಂಡರು ಅಷ್ಟೇ.

ಮಲ್ಲೇಶ್ವರಂ ಮಿಡ್‌ಫೀಲ್ಡ್
ಆ ವರ್ಷ ಯುರೋಪಿನ ಶ್ರೇಷ್ಠ ಆಟಗಾರನ ಪ್ರಶಸ್ತಿ ಬ್ಯಾಲನ್ ಡೋರ್‌ನಲ್ಲಿ ಎರಡನೇ ಸ್ಥಾನ ಅನ್ನೋದನ್ನೂ ಸೇರಿಸಿ. ಮೊದಲು ಬಂದದ್ದು ಕಪ್ ಎತ್ತಿದ ಪಶ್ಚಿಮ ಜರ್ಮನಿ ನಾಯಕ ಮಥೇಯಸ್. ಪತ್ರಕರ್ತರು ವೋಟು ಹಾಕಿದ್ದು ಬರೀ ಕಣ್ಣು ನೋಡಿ ಅಲ್ಲ.

ಹನ್ನೆರಡನೇ ಆಟಗಾರ
ಎಲ್ಲ ಸರಿ. ಆದರೆ ನನ್ನ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. 1990ರ ಜುಲೈ ಆದಮೇಲೆ ಏನಾಯ್ತು?

ಕಪ್ಪು ಬಿಳಿ ಪಟ್ಟೆ
ಒಂದೇ ಕಾರಣ ಇಲ್ಲ.

ಯುವೆಂಟಸ್‌ನಲ್ಲಿ ಎಲ್ಲ ಬದಲಾಯಿತು. ಜೋಫ್ ಹೋದ, ಮೈಫ್ರೆದಿ ಬಂದ. ದೊಡ್ಡ ದುಡ್ಡು ಕೊಟ್ಟು ಬ್ಯಾಜಿಯೊನನ್ನು ತಂದರು. ವಿಶ್ವಕಪ್ ಜೋಡಿ ಒಂದೇ ಕ್ಲಬ್ಬಿನಲ್ಲಿ ಅಂತ ಜನ ಕನಸು ಕಂಡರು. ಆಗಿದ್ದು? ತಂಡ ಏಳನೇ ಸ್ಥಾನ, ಮುಂದಿನ ವರ್ಷ ಯುರೋಪಿನಲ್ಲೇ ಆಡೋಕ್ಕಾಗಲಿಲ್ಲ. ಸ್ಕಿಲ್ಲಾಚಿಗೆ ಲೀಗಿನಲ್ಲಿ ಬರೀ 5 ಗೋಲು. ಮರುವರ್ಷ ತ್ರಪತ್ತೋನಿ ಬಂದ, ಆಗ 6. ಡಿಫೆಂಡರ್‌ಗಳಿಗೆ ಈಗ ಅವನು ಯಾರು ಅಂತ ಗೊತ್ತು. ಮೊದಲ ವರ್ಷ ಬಿಟ್ಟ ಜಾಗ ಎರಡನೇ ವರ್ಷ ಬಿಡಲಿಲ್ಲ. ಮೇಲಿಂದ ಗಾಯ. ವೇಗ ಮತ್ತು ಹಸಿವಿನ ಮೇಲೆ ಆಡುವವನಿಗೆ ಕಾಲು ಕೈಕೊಟ್ಟರೆ ಏನು ಉಳಿಯುತ್ತೆ?

1992ರಲ್ಲಿ ಇಂಟರ್‌ಗೆ ಮಾರಿದರು. ಅಲ್ಲಿ ಎರಡು ಸೀಸನ್, 30 ಲೀಗ್ ಪಂದ್ಯ, 11 ಗೋಲು. ಅಲ್ಲಿಗೆ ಇಟಲಿ ಮುಗಿಯಿತು.

ನೀಲಿ ಜೆರ್ಸಿ
ರಾಷ್ಟ್ರ ತಂಡದ್ದೂ ಅದೇ ಕಥೆ. 1991ರ ಜೂನ್‌ನಲ್ಲಿ ನಾರ್ವೆ ಮೇಲೆ ಹೊಡೆದದ್ದು ಏಳನೇ ಗೋಲು, ಅದೂ ಸೋತ ಪಂದ್ಯದಲ್ಲಿ. ಇಟಲಿ ಯುರೋ 92ಕ್ಕೆ ಅರ್ಹತೆ ಪಡೆಯಲಿಲ್ಲ. ವಿಚಿನಿ ಹೋದ, ಸಾಕಿ ಬಂದ. ಸಾಕಿಗೆ ಬೇಕಾದದ್ದು ತನ್ನ ಯಂತ್ರದಲ್ಲಿ ಸರಿಯಾಗಿ ಕೂರುವ ಆಟಗಾರರು. ಸ್ಕಿಲ್ಲಾಚಿ ಹಾಗೆ ಕೂರುವವನಲ್ಲ.

ತೊರಿನೊ ನಿವಾಸಿ
ನಾನು ಮೂಲತಃ ದಾವಣಗೆರೆಯವನು, ಓದಲು ಬಂದು ತೊರಿನೊದಲ್ಲೇ ಉಳಿದೆ. ಇಲ್ಲಿ ಹಳಬರ ಜೊತೆ ಸ್ಕಿಲ್ಲಾಚಿ ಬಗ್ಗೆ ಮಾತೆತ್ತಿದರೆ ಫುಟ್‌ಬಾಲ್ ಎರಡನೇ ವಿಷಯ. ಮೊದಲ ವಿಷಯ ಉತ್ತರ, ದಕ್ಷಿಣ.

ಈ ಊರನ್ನು ಕಟ್ಟಿದ್ದು ಫಿಯಾಟ್ ಕಾರ್ಖಾನೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ದಕ್ಷಿಣದಿಂದ, ಸಿಸಿಲಿಯಿಂದ, ಪೂಲಿಯಾದಿಂದ, ಕಲಾಬ್ರಿಯಾದಿಂದ ಲಕ್ಷಗಟ್ಟಲೆ ಜನ ರೈಲು ಹತ್ತಿ ಕೆಲಸಕ್ಕೆ ಬಂದರು. ಆಗ ಅವರಿಗೆ ಬಾಡಿಗೆ ಮನೆ ಕೊಡ್ತಿರಲಿಲ್ಲ. ಫಿಯಾಟ್ ಯಜಮಾನರಾದ ಅನೆಲ್ಲಿ ಮನೆತನದ್ದೇ ಯುವೆಂಟಸ್ ಕೂಡ. ಹಾಗಾಗಿ ಆ ಕೂಲಿಗಳ ತಂಡವೂ ಅದೇ ಆಯಿತು. ಸ್ಕಿಲ್ಲಾಚಿಗಿಂತ ಇಪ್ಪತ್ತು ವರ್ಷ ಮೊದಲು ಕತಾನಿಯಾದಿಂದ ಬಂದ ಪಿಯೆತ್ರೊ ಅನಸ್ತಾಸಿ ಅನ್ನುವ ಸ್ಟ್ರೈಕರ್ ಇವರೆಲ್ಲರಿಗೂ ದೇವರಾಗಿದ್ದ. ಸ್ಕಿಲ್ಲಾಚಿ ಅದೇ ಸಾಲಿನವನು.

ಇನ್ನೊಂದು ಕಡೆ ನೋಡಿ. ಉತ್ತರದ ಸ್ಟೇಡಿಯಂಗಳಲ್ಲಿ ಎದುರಾಳಿ ಪ್ರೇಕ್ಷಕರು ಇವನು ಟಯರ್ ಕದಿಯುವವನು ಅಂತ ರಾಗವಾಗಿ ಹಾಡುತ್ತಿದ್ದರು. ಇಟಲಿಗೆ ಗೋಲು ಹೊಡೆದಾಗ ದೇಶದ ಮಗ. ಭಾನುವಾರ ಲೀಗ್ ಪಂದ್ಯಕ್ಕೆ ಬಂದಾಗ ಸಿಸಿಲಿಯ ಕಳ್ಳ. ಇದು ಪ್ರತಿ ವಾರ. ಮೊದಲ ವರ್ಷ ಕೇಳಿಸಿಕೊಳ್ಳದೆ ಆಡಬಹುದು, ಗೋಲು ಬರ್ತಿದೆ. ಗೋಲು ನಿಂತ ಮೇಲೆ ಅದೇ ಹಾಡು ಹೇಗೆ ಕೇಳಿಸುತ್ತೆ ಯೋಚಿಸಿ.

ಆಫ್‌ಸೈಡ್ ಅಣ್ಣ
ಅವನೇನು ಸಾಧುವಾ? ಬೊಲೋನ್ಯ ಆಟಗಾರ ಪೋಲಿಗೆ ಗುಂಡು ಹೊಡೆಸ್ತೀನಿ ಅಂದಿದ್ದ. 1990ರ ನವೆಂಬರ್. ಕ್ಯಾಮೆರಾ ಮುಂದೆ. ಒಂದು ಪಂದ್ಯ ನಿಷೇಧ ಆಯಿತು.

ತೊರಿನೊ ನಿವಾಸಿ
ಅಂದಿದ್ದು ಹೌದು, ತಪ್ಪೂ ಹೌದು. ಆದರೆ ಅದೇ ಮಾತನ್ನು ಮಿಲಾನಿನಲ್ಲಿ ಹುಟ್ಟಿದವನು ಅಂದಿದ್ದರೆ "ಸಿಟ್ಟಿನಲ್ಲಿ ಏನೋ ಅಂದ" ಅಂತ ಎರಡು ದಿನಕ್ಕೆ ಮರೀತಿದ್ದರು. ಸಿಸಿಲಿಯವನು ಗುಂಡು ಅಂದ ಕೂಡಲೇ ಪತ್ರಿಕೆಗಳಿಗೆ ಮಾಫಿಯಾ ಕಾಣಿಸಿತು. ಐದು ತಿಂಗಳ ಹಿಂದೆ ಹೊಗಳಿದ್ದ ಅದೇ ಪತ್ರಿಕೆಗಳು.

ಕರಾವಳಿ ಕಿಕ್
ನೇಪಲ್ಸ್ ಸೆಮಿಫೈನಲ್‌ನಲ್ಲೂ ಇದೇ ಅಲ್ವಾ? ವರ್ಷಪೂರ್ತಿ ನಿಮ್ಮನ್ನು ಬೈದು, ಇವತ್ತು ಒಂದು ದಿನ ಇಟಾಲಿಯನ್ ಆಗಿ ಅಂತಾರೆ ಅಂತ ಅಲ್ಲಿನ ಕ್ಲಬ್ಬಿಗೇ ಆಡ್ತಿದ್ದ ಮರಡೋನಾ ಆ ದಕ್ಷಿಣದ ಊರಿನ ಜನರನ್ನು ಚುಚ್ಚಿದ್ದ. ಅದೇ ದಿನ ಇಟಲಿಗೆ ಗೋಲು ಹೊಡೆದವನು ದಕ್ಷಿಣದ ಹುಡುಗ. ಇದನ್ನು ಯಾರಾದರೂ ಸಿನಿಮಾ ಕಥೆ ಅಂತ ಬರೆದರೆ ಸುಳ್ಳು ಅಂತೀವಿ.

ಹುಬ್ಬಳ್ಳಿ ಹತ್ತು
ಉತ್ತರದವರು ದಕ್ಷಿಣದವರನ್ನ ಕೀಳಾಗಿ ನೋಡೂದು ಇಟಲಿಯಾಗೂ ಐತೇನ್ರಿ? ಇಲ್ಲಿ ಉಲ್ಟಾ 😏

ಹನ್ನೆರಡನೇ ಆಟಗಾರ
ದಯವಿಟ್ಟು ಬೇಡ 🙏 ಆ ಕಡೆ ಹೋದರೆ ಇನ್ನೂರು ಕಾಮೆಂಟು ಆಗುತ್ತೆ.

ಮಲ್ಲೇಶ್ವರಂ ಮಿಡ್‌ಫೀಲ್ಡ್
ನಾನು ಬೇರೆ ಕಡೆಯಿಂದ ಬರ್ತೀನಿ. ನಮ್ಮ ಬೆಂಗಳೂರಿನ ರೋಜರ್ ಬಿನ್ನಿ 1983ರ ವಿಶ್ವಕಪ್‌ನಲ್ಲಿ 18 ವಿಕೆಟ್ ತೆಗೆದರು, ಇಡೀ ಟೂರ್ನಿಗೇ ಜಾಸ್ತಿ. ಟೆಸ್ಟ್‌ನಲ್ಲಿ ಒಟ್ಟು 47 ವಿಕೆಟ್. ಅವರನ್ನು ಯಾರಾದರೂ ಒಂದು ತಿಂಗಳ ಹೀರೊ ಅಂತಾರಾ? ಕಪ್ ಬಂತು, ಹಾಗಾಗಿ ಯಾರೂ ಅನ್ನಲ್ಲ. ಇಟಲಿ ಆ ಶೂಟೌಟ್ ಗೆದ್ದು ಕಪ್ ಎತ್ತಿದ್ದರೆ ಸ್ಕಿಲ್ಲಾಚಿ ಬಗ್ಗೆ ಈ ಪಟ್ಟಿಯೇ ಹುಟ್ಟುತ್ತಿರಲಿಲ್ಲ.

ಆಫ್‌ಸೈಡ್ ಅಣ್ಣ
ಬಿನ್ನಿ 1985ರಲ್ಲಿ ಆಸ್ಟ್ರೇಲಿಯಾದ ಟೂರ್ನಿಯಲ್ಲೂ ಒಳ್ಳೆ ಬೌಲಿಂಗ್ ಮಾಡಿದರು. ಎರಡು ಸಲ ಮಾಡಿ ತೋರಿಸಿದವರು. ಸ್ಕಿಲ್ಲಾಚಿಯ ಎರಡನೇ ಸಲ ಎಲ್ಲಿದೆ ತೋರಿಸಿ.

ರಾತ್ರಿಪಾಳಿ
ಜಪಾನ್‌ನಲ್ಲಿದೆ.

ಆಫ್‌ಸೈಡ್ ಅಣ್ಣ
ಜಪಾನ್!! ನಿವೃತ್ತಿ ದುಡ್ಡಿಗೆ ಹೋದದ್ದು ಲೆಕ್ಕಕ್ಕಾ?

ರಾತ್ರಿಪಾಳಿ
ಲೆಕ್ಕಕ್ಕೇ ಸ್ವಾಮಿ. 1994ರಲ್ಲಿ ಹೋದಾಗ ವಯಸ್ಸು 29, ನಿವೃತ್ತಿ ವಯಸ್ಸಲ್ಲ. ಜೆ ಲೀಗ್ ಶುರುವಾಗಿ ಆಗ ಒಂದೇ ವರ್ಷ. ಅಲ್ಲಿ ಆಡಿದ ಮೊದಲ ಇಟಾಲಿಯನ್ ಇವನು. ಜುಬಿಲೊ ಇವಾಟಾ ಕ್ಲಬ್ ಪರ 78 ಲೀಗ್ ಪಂದ್ಯ, 56 ಗೋಲು. 1995ರಲ್ಲಿ ಒಂದೇ ವರ್ಷ 31. ಉರಾವಾದ ಫುಕುಡಾ 32 ಹೊಡೆದು ಒಂದೇ ಗೋಲಿನಿಂದ ಮೊದಲ ಸ್ಥಾನ ಕಿತ್ತುಕೊಂಡ. ಅದೇ ತಂಡಕ್ಕೆ ಬ್ರೆಜಿಲ್ ನಾಯಕ ಡುಂಗಾ ಬಂದ, ವಿಶ್ವಕಪ್ ಎತ್ತಿದ ಮರುವರ್ಷವೇ. ಬರೀ ದುಡ್ಡಿನ ತಮಾಷೆ ಆಗಿದ್ದರೆ ಡುಂಗಾ ಥರದ ಮನುಷ್ಯ ಮೈದಾನದಲ್ಲೇ ಎಲ್ಲರಿಗೂ ಬೈಕೊಂಡು ನಾಲ್ಕು ವರ್ಷ ಆಡ್ತಿದ್ದನಾ? 1997ರಲ್ಲಿ ಜುಬಿಲೊ ಚಾಂಪಿಯನ್.

ದುಡ್ಡಿಗೆ ಹೋದವರನ್ನೂ ನೋಡಿದ್ದೀವಿ. ಅವರು ವರ್ಷಕ್ಕೆ ನಾಲ್ಕು ಗೋಲು ಹೊಡೆದು ಜಾಹೀರಾತಿಗೆ ಫೋಟೊ ತೆಗೆಸಿಕೊಂಡು ವಾಪಸ್ ಬರ್ತಾರೆ.

ಕರಾವಳಿ ಕಿಕ್
ನಮ್ಮ ಐಎಸ್‌ಎಲ್ ಮೊದಲ ವರ್ಷ ಡೆಲ್ ಪಿಯೆರೊ ದೆಹಲಿಗೆ ಬಂದಿದ್ದ, ನೆನಪಿದೆಯಾ? 2014. ಒಂದೇ ಗೋಲು, ಅದೂ ಫ್ರೀಕಿಕ್. ನಾನು ಟಿವಿ ಮುಂದೆ ಕೂತು ಅಷ್ಟಕ್ಕೇ ಖುಷಿಪಟ್ಟೆ.

ಕಪ್ಪು ಬಿಳಿ ಪಟ್ಟೆ
ಅವನಿಗೆ ಆಗ 40 ಆಗಿತ್ತು ಮಾರಾಯ್ರೆ. ಡೆಲ್ ಪಿಯೆರೊ ಬಗ್ಗೆ ಒಂದು ಮಾತೂ ಕೇಳಲ್ಲ ನಾನು 😤

ಶಿವಮೊಗ್ಗ ಶಾಟ್
ತಡವಾಗಿ ಬಂದೆ. ಸ್ಕಿಲ್ಲಾಚಿ ಮನೆ ಜಗಳ, ವಿಚ್ಛೇದನ ಅಂತೆಲ್ಲ ಎಲ್ಲೋ ಓದಿದ ನೆನಪು, ಆಟ ಇಳಿಯೋಕೆ ಅದೇ ಕಾರಣ ಅಂತೆ?

ಹನ್ನೆರಡನೇ ಆಟಗಾರ
ಅವರ ಮನೆ ವಿಷಯ ಇಲ್ಲಿ ಬೇಡ. ಮೈದಾನದ ಮಾತು ಸಾಕು.

ಶಿವಮೊಗ್ಗ ಶಾಟ್
ಸರಿ ಸರಿ. ಆಟ ಬಿಟ್ಟ ಮೇಲೆ ಏನು ಮಾಡ್ತಿದ್ದ? ಅದಾದರೂ ಹೇಳಿ.

ತೊರಿನೊ ನಿವಾಸಿ
ಪಲೆರ್ಮೊಗೆ ವಾಪಸ್ ಹೋದ. ಮಕ್ಕಳಿಗೆ ಫುಟ್‌ಬಾಲ್ ಶಾಲೆ ನಡೆಸಿದ. ಸ್ವಲ್ಪ ದಿನ ಊರಿನ ನಗರಸಭೆ ಸದಸ್ಯನೂ ಆಗಿದ್ದ, ಅದು ಅವನಿಗೆ ಒಗ್ಗಲಿಲ್ಲ. 2004ರಲ್ಲಿ ಟಿವಿಯ ದ್ವೀಪದ ರಿಯಾಲಿಟಿ ಶೋನಲ್ಲಿ ಬಂದ, ಅಲ್ಲಿಂದ ಹೊಸ ತಲೆಮಾರಿಗೂ ಪರಿಚಯ ಆದ. ದೊಡ್ಡ ಕೋಚ್ ಆಗ್ಲಿಲ್ಲ, ಟಿವಿ ಪಂಡಿತ ಆಗ್ಲಿಲ್ಲ.

ನನ್ನ ಮನೆ ಮಾಲೀಕರು ಪೂಲಿಯಾ ಕಡೆಯವರು, ಫಿಯಾಟ್‌ನಲ್ಲಿ ಬಣ್ಣ ಹೊಡೆಯುವ ವಿಭಾಗದಲ್ಲಿ ಇದ್ದವರು. ಸ್ಕಿಲ್ಲಾಚಿ ತೀರಿಕೊಂಡ ದಿನ ಬಾಡಿಗೆ ಕೊಡಲು ಹೋದರೆ ಅಡುಗೆಮನೆ ಟಿವಿಯಲ್ಲಿ ಅದೇ ಆಸ್ಟ್ರಿಯಾ ಗೋಲು. ಬಾಡಿಗೆ ಎಣಿಸಲೇ ಇಲ್ಲ, ಹಾಗೇ ಬಿಸ್ಕತ್ ಡಬ್ಬಿ ಕೆಳಗೆ ಇಟ್ಟರು. ಮಾಮೂಲಿಯಾಗಿ ಎರಡು ಸಲ ಎಣಿಸುವವರು!

ಮಲ್ಲೇಶ್ವರಂ ಮಿಡ್‌ಫೀಲ್ಡ್
ಹಾಗಾದರೆ ಪಾವೊಲೊ ರೊಸ್ಸಿ? 1982ರಲ್ಲಿ ಅವನದೂ 6 ಗೋಲು, ಅವನಿಗೂ ಎರಡೂ ಪ್ರಶಸ್ತಿ. ವಿಶ್ವಕಪ್‌ನಲ್ಲಿ ಜಾಸ್ತಿ ಗೋಲು ಹೊಡೆದು ಮೊದಲಿಗರಾದ ಇಟಾಲಿಯನ್ನರು ಈ ಇಬ್ಬರೇ. ಅವನು ಎರಡು ವರ್ಷ ನಿಷೇಧ ಮುಗಿಸಿ ಬಂದವನು, ಮೊದಲ ನಾಲ್ಕು ಪಂದ್ಯ ಒಂದೂ ಗೋಲಿಲ್ಲ. ಆಮೇಲೆ ಬ್ರೆಜಿಲ್ ಮೇಲೆ ಮೂರು.

ಆಫ್‌ಸೈಡ್ ಅಣ್ಣ
ರೊಸ್ಸಿ 1978ರಲ್ಲೂ ಮೂರು ಗೋಲು ಹೊಡೆದಿದ್ದ. ವಿಶ್ವಕಪ್‌ನಲ್ಲಿ ಒಟ್ಟು 9. ಬ್ಯಾಜಿಯೊ 9, ವಿಯೆರಿ 9. ಮೂವರೂ ಎರಡೆರಡು ವಿಶ್ವಕಪ್ ಮೇಲೆ ಆಡಿ ತೋರಿಸಿದವರು. ನಾನು ಕೇಳ್ತಿರೋದು ಅದನ್ನೇ.

ನೀಲಿ ಜೆರ್ಸಿ
ಬ್ಯಾಜಿಯೊ ಮೂರು ವಿಶ್ವಕಪ್ ಆಡಿದ. 90, 94, 98. ಸರಿಯಾಗಿ ಬರೀರಿ.

ಆಫ್‌ಸೈಡ್ ಅಣ್ಣ
ಎರಡಕ್ಕಿಂತ ಜಾಸ್ತಿ ಆದರೆ ನನ್ನ ವಾದಕ್ಕೇ ಬಲ ಬಂತಲ್ಲ!

ಹುಬ್ಬಳ್ಳಿ ಹತ್ತು
ಅಣ್ಣಾರನ್ನ ವಕೀಲ ಮಾಡ್ಬೇಕಿತ್ರಿ.

ಕಪ್ಪು ಬಿಳಿ ಪಟ್ಟೆ
ನನಗೆ ಈ ಇಡೀ ಅಳತೆಯೇ ತಪ್ಪು ಅನಿಸುತ್ತೆ. ಮೆಸ್ಸಿನಾದಲ್ಲಿ ಏಳು ವರ್ಷ 61 ಲೀಗ್ ಗೋಲು, ಜಪಾನ್‌ನಲ್ಲಿ 56. ನಡುವೆ ಸೀರಿ ಎನಲ್ಲಿ 37. ಆ 37ನ್ನು ಮಾತ್ರ ಹಿಡಿದು, ಅದಕ್ಕೆ ಆರು ವಿಶ್ವಕಪ್ ಗೋಲು ಸೇರಿಸಿ, ಮನುಷ್ಯನ ವೃತ್ತಿ ಇಷ್ಟೇ ಅಂತೀರಿ. ಮೂರನೇ ದರ್ಜೆಯಲ್ಲಿ ಕೆಸರು ಮೈದಾನದಲ್ಲಿ ಹೊಡೆದ ಗೋಲು ಟಿವಿಯಲ್ಲಿ ಬರಲಿಲ್ಲ, ಇವಾಟಾದಲ್ಲಿ ಹೊಡೆದದ್ದು ನಾವು ನೋಡಲಿಲ್ಲ. ನಾವು ನೋಡಿದ್ದು ಒಂದು ತಿಂಗಳು. ಅವನು ಆಡಿದ್ದು ಹದಿನೈದು ವರ್ಷ.

ಹನ್ನೆರಡನೇ ಆಟಗಾರ
ಇದನ್ನು ಹಾಗೇ ಕಾಪಿ ಮಾಡಿ ಗುಂಪಿಗೆ ಹಾಕ್ತೀನಿ. ಹೆಸರು ಹಾಕಲಾ?

ಕಪ್ಪು ಬಿಳಿ ಪಟ್ಟೆ
ಬೇಡ, ಆ ಗುಂಪಿನಲ್ಲಿ ನಮ್ಮ ಭಾವ ಇದ್ದಾರೆ. ಅವರು ಮಿಲಾನ್ ಅಭಿಮಾನಿ.

ಶಿವಮೊಗ್ಗ ಶಾಟ್
ಇವತ್ತಿನ ಇಟಲಿ ನೋಡಿದರೆ ಒಂದು ತಿಂಗಳ ಹೀರೊ ಸಿಕ್ಕಿದರೂ ಕೈಮುಗಿದು ತಗೋತಾರೆ. 2018ಕ್ಕೂ ಇಲ್ಲ, 2022ಕ್ಕೂ ಇಲ್ಲ. ಸ್ಟ್ರೈಕರ್ ಎಲ್ಲಿದ್ದಾರೆ ಸ್ವಾಮಿ? 2024-25ರಲ್ಲಿ ಅಟಲಾಂಟಾಗೆ 25 ಗೋಲು ಹೊಡೆದು ಸೀರಿ ಎಗೆ ಮೊದಲಿಗನಾದ ರೆಟೆಗಿ ಹುಟ್ಟಿ ಬೆಳೆದದ್ದು ಅರ್ಜೆಂಟೀನಾದಲ್ಲಿ.

ನೀಲಿ ಜೆರ್ಸಿ
ಅದಕ್ಕೆ ಕಾರಣ ಇದೆ. ಆಗ ಒಂದು ಕ್ಲಬ್ಬಿಗೆ ಮೂರೇ ವಿದೇಶಿ ಆಟಗಾರರು. ಉಳಿದ ಜಾಗಕ್ಕೆ ಊರಿನ ಹುಡುಗರೇ ಬೇಕಿತ್ತು. ಸೀರಿ ಬಿನಲ್ಲಿ ಒಬ್ಬ 23 ಗೋಲು ಹೊಡೆದರೆ ದೊಡ್ಡ ಕ್ಲಬ್ಬು ಓಡಿ ಬರ್ತಿತ್ತು. ಈಗ ಅದೇ ದುಡ್ಡಿಗೆ ಹೊರಗಿನಿಂದ ಇಬ್ಬರು ಹದಿನೆಂಟು ವರ್ಷದವರನ್ನು ತರ್ತಾರೆ. 24 ವರ್ಷದ ಮೆಸ್ಸಿನಾ ಹುಡುಗನಿಗೆ ಇವತ್ತು ಯುವೆಂಟಸ್‌ನಿಂದ ಫೋನ್ ಬರುತ್ತಾ? ನನಗಂತೂ ನಂಬಿಕೆ ಇಲ್ಲ.

ಆಫ್‌ಸೈಡ್ ಅಣ್ಣ
ಅದನ್ನು ಮಾತ್ರ ಒಪ್ತೀನಿ. ಉಳಿದದ್ದು ಒಪ್ಪಲ್ಲ. ಶೂಟೌಟ್‌ನಲ್ಲಿ ಒದೆಯಬೇಕಿತ್ತು.

ರಾತ್ರಿಪಾಳಿ
ಮತ್ತೆ ಶುರು 🤦

ಕರಾವಳಿ ಕಿಕ್
ಅಣ್ಣ, ಉರುಗ್ವೆ ಗೋಲು ಒಂದ್ಸಲ ನೋಡಿ ಬನ್ನಿ ಮಾರಾಯ್ರೆ. ಆಮೇಲೆ ಶೂಟೌಟ್ ಮಾತಾಡುವ.

ಆಫ್‌ಸೈಡ್ ಅಣ್ಣ
ನೋಡ್ತಾ ಇದ್ದೀನಿ. ಗೋಲ್‌ಕೀಪರ್ ಎರಡು ಹೆಜ್ಜೆ ಮುಂದೆ ನಿಂತಿದ್ದ.